ಕಾಲುಚೀಲದ ಮೇಲೆ ಕಸೂತಿಯ ಆನೆ

ತಿರುಪ್ಪೂರಿನ ಯಂತ್ರಗಳು ಹಗಲಿರುಳೂ ಬನಿಯನ್ನು ಹೆಣೆಯುತ್ತಿರುವಾಗ ಆರ್.ಎಸ್. ಪುರಂನ ಮನೆಯಲ್ಲಿ ಕಡ್ಡಿ ಹಿಡಿದು ಕಾಲುಚೀಲ ಹೆಣೆಯುವುದೇಕೆ ಎಂದು ಕೇಳಬಹುದು. ಅಂಗಡಿಯಲ್ಲಿ ದೊರೆಯದ ಚಿತ್ತಾರವನ್ನು ನಾವೇ ಮೂಡಿಸಬಹುದೆಂಬುದೇ ಉತ್ತರ. ಶಾಲೆಯ ಸಮವಸ್ತ್ರಕ್ಕೆ ಸಲ್ಲದಿದ್ದರೂ ಉದಕಮಂಡಲದ ಚಳಿಗೆ ಅದು ಸಲ್ಲುತ್ತದೆ.

ಧಾರವಾಡದ ಕಸೂತಿ ಇದಕ್ಕೆ ಒಳ್ಳೆಯ ಮಾದರಿ. ಅದು ಬಟ್ಟೆಯ ಎಳೆಗಳನ್ನು ಎಣಿಸಿ ಹಾಕುವ ಕಲೆ. ಹೆಣಿಗೆಯೂ ಕಡ್ಡಿಯ ಮೇಲಿನ ಕುಣಿಕೆಗಳ ಎಣಿಕೆಯೇ. ಆದರೆ ಗೋಪುರ, ತುಳಸಿಕಟ್ಟೆಗಳು ಸೆರಗಿಗೆ ಸಲ್ಲುವಂತೆ ಪಾದಕ್ಕೆ ಸಲ್ಲವು. ಮನೆಯ ಹಿರಿಯರು ಒಪ್ಪಲಾರರು, ಒಪ್ಪಬೇಕಾಗಿಯೂ ಇಲ್ಲ. ಆನೆಯನ್ನು ಆರಿಸಿ, ಕಣಕಾಲಿನ ಮೇಲ್ಭಾಗದಲ್ಲಿ ನಿಲ್ಲಿಸೋಣ. ಪಶ್ಚಿಮಘಟ್ಟದ ತಪ್ಪಲಿನ ಕೊಯಮತ್ತೂರಿಗೆ ಅದು ನೆರೆಯ ಪ್ರಾಣಿ.

ಮಕ್ಕಳ ಗಣಿತದ ಚೌಕಳಿ ಪುಸ್ತಕದಲ್ಲಿ ಒಂದು ಮನೆಗೆ ಒಂದು ಕುಣಿಕೆಯೆಂದು ಆನೆಯನ್ನು ಬರೆಯಬೇಕು. ಸುತ್ತಿಗೆ 64 ಕುಣಿಕೆಗಳಿದ್ದರೆ, ನಡುವಣ ತೆರಪೂ ಸೇರಿ 16 ಮನೆಗಳ ಆನೆ ನಾಲ್ಕು ಬಾರಿ ಸರಿಯಾಗಿ ಕೂರುತ್ತದೆ. 12 ಮನೆಗಳದಾದರೆ ಕೊನೆಗೆ 4 ಕುಣಿಕೆ ಉಳಿದು ಸಾಲು ಮುರಿಯುತ್ತದೆ. ಕುಣಿಕೆಯ ಅಗಲವು ಎತ್ತರಕ್ಕಿಂತ ಹೆಚ್ಚಿರುವುದರಿಂದ ಚಿತ್ರವನ್ನು ತುಸು ನೀಳವಾಗಿ ಬರೆಯದಿದ್ದರೆ ಆನೆ ಹಂದಿಯಂತೆ ಕುಗ್ಗೀತು. ಮೇಲಂಚಿನಿಂದ ಹೆಣೆಯುವವರು ಆನೆಯ ಬೆನ್ನಿನಿಂದ ಆರಂಭಿಸಬೇಕು; ಕಾಲಿನಿಂದ ಆರಂಭಿಸಿದರೆ ತೊಟ್ಟಾಗ ಅದು ತಲೆಕೆಳಗಾಗುತ್ತದೆ.

ಎರಡು ಬಣ್ಣದ ಹೆಣಿಗೆಯಲ್ಲಿ, ಆ ಕ್ಷಣಕ್ಕೆ ಬೇಡವಾದ ನೂಲು ಒಳಬದಿಯಲ್ಲಿ ಹಾಯುತ್ತದೆ. ಅದನ್ನು ಬಿಗಿದರೆ ಕಾಲುಚೀಲ ಹಿಗ್ಗದು, ಹಿಮ್ಮಡಿಯನ್ನು ದಾಟದು. ಐದು ಕುಣಿಕೆಗಳಿಗಿಂತ ಉದ್ದ ಹಾಯ್ದರೆ ಮಗುವಿನ ಕಾಲ್ಬೆರಳು ಸಿಕ್ಕಿಕೊಂಡೀತು. ಆದ್ದರಿಂದ ಆನೆಯ ಹೊಟ್ಟೆಯನ್ನು ಒಂದೇ ಬಣ್ಣದಿಂದ ತುಂಬದೆ ನಡುನಡುವೆ ಚುಕ್ಕಿಗಳನ್ನಿಡಬೇಕು. ಎರಡನೆಯ ಕಾಲುಚೀಲಕ್ಕೆ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿಕೊಂಡರೆ, ಎರಡೂ ಕಾಲುಗಳ ಹೊರಬದಿಯ ಆನೆಗಳು ಮುಂದಕ್ಕೇ ನಡೆಯುತ್ತವೆ.