ಟ್ಯೂನಬಲ್ ಲೇಸರ್: ಆನೆಯ ಜೊತೆ ಅಂಕುಶವನ್ನೂ ಪರೀಕ್ಷಿಸಿ

ಆಪ್ಟಿಕಲ್ ಫೈಬರ್ ಜಾಲಗಳಿಗೆ ಬೇಕಾಗುವ ಫಿಲ್ಟರ್, ಸ್ಪ್ಲಿಟರ್, ಸಂವೇದಕ ಮುಂತಾದ ಬಿಡಿಭಾಗಗಳನ್ನು ತಯಾರಿಸುವ ಸಣ್ಣ ಘಟಕಗಳಿಗೆ ಟ್ಯೂನಬಲ್ ಲೇಸರ್ ದೊಡ್ಡ ಬಂಡವಾಳ ಬೇಡುವ ಉಪಕರಣ. ಖರೀದಿಯ ವೇಳೆ ಉಪಕರಣದ ಬೆಲೆಯ ಬಗ್ಗೆ ದೀರ್ಘ ಚೌಕಾಸಿ ನಡೆಯುತ್ತದೆ. ಅದನ್ನು ನಡೆಸುವ ತಂತ್ರಾಂಶದ ಷರತ್ತುಗಳನ್ನು ಓದುವವರು ಮಾತ್ರ ವಿರಳ. ಆದರೆ ಹೂಡಿದ ಹಣ ಫಲ ಕೊಡುವುದೂ ಕೊಡದಿರುವುದೂ ಬಹುಮಟ್ಟಿಗೆ ಈ ತಂತ್ರಾಂಶವನ್ನೇ ಅವಲಂಬಿಸಿದೆ.

ಸಾಮಾನ್ಯ ಲೇಸರ್ ಒಂದೇ ತರಂಗಾಂತರದ ಬೆಳಕನ್ನು ನೀಡುತ್ತದೆ. ಟ್ಯೂನಬಲ್ ಲೇಸರ್‌ನ ತರಂಗಾಂತರವನ್ನು ಬೇಕೆಂದಂತೆ ಬದಲಿಸಬಹುದು. 1966ರಲ್ಲಿ ಬೆಳಕಿಗೆ ಬಂದ ವರ್ಣದ್ರವ್ಯದ ಲೇಸರ್ ಹಾಗೂ 1982ರಲ್ಲಿ ಪೀಟರ್ ಮೌಲ್ಟನ್ ಪ್ರದರ್ಶಿಸಿದ ಟೈಟೇನಿಯಂ-ಸಫೈರ್ ಲೇಸರ್ ಈ ಕ್ಷೇತ್ರದ ಮೈಲಿಗಲ್ಲುಗಳು. ದೂರಸಂಪರ್ಕದ ಪರೀಕ್ಷೆಗಳಲ್ಲಿ ಅರೆವಾಹಕ ಲೇಸರ್‌ಗಳದ್ದೇ ಮುಖ್ಯ ಪಾತ್ರ. ಇವುಗಳಲ್ಲಿ ಒಂದು ಬಗೆಯಲ್ಲಿ, ಪುಟ್ಟ ಮೋಟಾರು ಕನ್ನಡಿಯನ್ನೋ ಗ್ರೇಟಿಂಗನ್ನೋ ತಿರುಗಿಸಿ ತರಂಗಾಂತರವನ್ನು ಆರಿಸುತ್ತದೆ. ವಿದ್ಯುತ್ ಪ್ರವಾಹ ಹಾಗೂ ಉಷ್ಣತೆಗಳೂ ಫಲಿತಾಂಶದ ಮೇಲೆ ಪ್ರಭಾವ ಬೀರುತ್ತವೆ.

ದೂರಸಂಪರ್ಕದ 'ಸಿ' ಪಟ್ಟಿ 1530ರಿಂದ 1565 ನ್ಯಾನೊಮೀಟರ್‌ವರೆಗೆ ಹಬ್ಬಿದೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು 193.1 ಟೆರಾಹರ್ಟ್ಸ್ ಅನ್ನು ಆಧಾರಬಿಂದುವಾಗಿ ಗೊತ್ತುಪಡಿಸಿದೆ. 100 ಗಿಗಾಹರ್ಟ್ಸ್ ಅಂತರದ ಜಾಲದಲ್ಲಿ ಒಂದು ವಾಹಿನಿಗೂ ಮುಂದಿನದಕ್ಕೂ ಇರುವ ವ್ಯತ್ಯಾಸ ಸುಮಾರು 0.8 ನ್ಯಾನೊಮೀಟರ್ ಮಾತ್ರ. ಇಷ್ಟು ಸೂಕ್ಷ್ಮವಾದ ಕೆಲಸವನ್ನು ಸಾವಿರಾರು ಬಾರಿ ಕೈಯಿಂದ ಮಾಡಿ ದಾಖಲಿಸುವುದು ಅಸಾಧ್ಯ.

ಸಮಯದ ಲೆಕ್ಕ

'ಸಿ' ಪಟ್ಟಿಯ 35 ನ್ಯಾನೊಮೀಟರ್‌ಗಳನ್ನು 0.01 ನ್ಯಾನೊಮೀಟರ್ ಹೆಜ್ಜೆಗಳಲ್ಲಿ ಪರೀಕ್ಷಿಸಲು 3,500 ಹೆಜ್ಜೆಗಳು ಬೇಕು. ಪ್ರತಿ ಹೆಜ್ಜೆಗೆ ಅರ್ಧ ಸೆಕೆಂಡು ಎಂದರೂ ಒಂದು ಫಿಲ್ಟರ್‌ಗೆ ಸುಮಾರು 29 ನಿಮಿಷ ತಗಲುತ್ತದೆ. ಲೇಸರ್ ನಿಲ್ಲದೆ ಸೆಕೆಂಡಿಗೆ 10 ನ್ಯಾನೊಮೀಟರ್ ವೇಗದಲ್ಲಿ ಸಾಗುತ್ತ, ಪ್ರತಿ ಹಂತದಲ್ಲೂ ಪವರ್ ಮೀಟರಿಗೆ ಸಂಕೇತ ಕಳುಹಿಸಿದರೆ ಇದೇ ಕೆಲಸ 3.5 ಸೆಕೆಂಡುಗಳಲ್ಲಿ ಮುಗಿಯುತ್ತದೆ. ಎರಡೂ ಉಪಕರಣಗಳ ತಾಳ ಹೊಂದಿಸಿ, ನಕ್ಷೆ ಬರೆದು, ತೇರ್ಗಡೆಯೋ ತಿರಸ್ಕೃತವೋ ಎಂದು ತಿಳಿಸುವುದು ತಂತ್ರಾಂಶದ ಕೆಲಸ.

ಸಮಾನ ಭಾಷೆಯ ಪ್ರಯೋಜನ

ಗಣಕಯಂತ್ರ ಮತ್ತು ಅಳತೆ ಉಪಕರಣಗಳ ನಡುವಿನ ಸಂಪರ್ಕಕ್ಕೆ 1975ರಲ್ಲಿ ಐಇಇಇ 488 ಮಾನಕ ಬಂದಿತು. 1986ರಲ್ಲಿ ಲ್ಯಾಬ್‌ವ್ಯೂ ತಂತ್ರಾಂಶ ಬಿಡುಗಡೆಯಾಯಿತು. 1990ರಲ್ಲಿ ಎಸ್‌ಸಿಪಿಐ ಎಂಬ ಸಮಾನ ಆದೇಶಭಾಷೆ ರೂಪುಗೊಂಡಿತು. ಜಾಲದ ಉಪಕರಣಗಳೊಳಗೆ ಅಳವಡಿಸುವ ಪುಟ್ಟ ಟ್ಯೂನಬಲ್ ಲೇಸರ್‌ಗಳಿಗೂ ಆಪ್ಟಿಕಲ್ ಇಂಟರ್‌ನೆಟ್‌ವರ್ಕಿಂಗ್ ಫೋರಂ ಸಾಮಾನ್ಯ ಒಪ್ಪಂದವೊಂದನ್ನು ರೂಪಿಸಿದೆ. ಇದರಿಂದಾಗಿ ಒಬ್ಬ ತಯಾರಕರ ಲೇಸರ್ ಸಿಗದಿದ್ದರೆ, ಹೆಚ್ಚಿನ ಬದಲಾವಣೆಯಿಲ್ಲದೆ ಇನ್ನೊಬ್ಬರದ್ದನ್ನು ಬಳಸಬಹುದು. 2000ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್‌ನಂತಹ ಜಾಲ ಉಪಕರಣ ತಯಾರಕರಿರುವ ರಾಜ್ಯದಲ್ಲಿ, ಬಿಡಿಭಾಗ ಪೂರೈಸಬಯಸುವ ಘಟಕಗಳು ಈ ಮಾನಕಗಳನ್ನು ಅರಿತಿರುವುದು ಲಾಭದಾಯಕ. ಉಚಿತವಾಗಿ ದೊರೆಯುವ ಪೈಥಾನ್ ಭಾಷೆ ಹಾಗೂ ಪೈವೀಸಾ ಸಾಧನದ ನೆರವಿನಿಂದ, ತರಬೇತಿ ಪಡೆದ ಡಿಪ್ಲೊಮಾ ಪದವೀಧರರೂ ಪರೀಕ್ಷಾ ಕ್ರಮವಿಧಿ ಬರೆಯಬಲ್ಲರು.

ಅಡಗಿರುವ ವೆಚ್ಚ

ಲೇಸರ್‌ನ ಆಯುಸ್ಸಿಗೂ ಗಣಕಯಂತ್ರದ ಕಾರ್ಯಾಚರಣಾ ವ್ಯವಸ್ಥೆಯ ಆಯುಸ್ಸಿಗೂ ಹೊಂದಾಣಿಕೆಯಿಲ್ಲ. ವಿಂಡೋಸ್ ಎಕ್ಸ್‌ಪಿಗೆ 2014ರಲ್ಲಿ, ವಿಂಡೋಸ್ 7ಕ್ಕೆ 2020ರಲ್ಲಿ, ವಿಂಡೋಸ್ 10ಕ್ಕೆ 2025ರಲ್ಲಿ ಸಾಮಾನ್ಯ ಬೆಂಬಲ ಕೊನೆಗೊಂಡಿತು. ತಯಾರಕರು ತಂತ್ರಾಂಶವನ್ನು ನವೀಕರಿಸದಿದ್ದರೆ, ಸುಸ್ಥಿತಿಯಲ್ಲಿರುವ ಉಪಕರಣವೂ ಹಳೆಯ ಗಣಕಯಂತ್ರಕ್ಕೆ ಕಟ್ಟುಬಿದ್ದಿರುತ್ತದೆ. ಆ ಗಣಕಯಂತ್ರ ಕೆಟ್ಟ ದಿನ ಪರೀಕ್ಷೆಯೂ ನಿಲ್ಲುತ್ತದೆ, ಸರಕಿನ ರವಾನೆಯೂ ನಿಲ್ಲುತ್ತದೆ.

ಖರೀದಿಗೆ ಮುನ್ನ ಕೇಳಬೇಕಾದದ್ದು

1. ಆದೇಶಗಳ ಸಂಪೂರ್ಣ ಕೈಪಿಡಿಯನ್ನು ಉಪಕರಣದೊಂದಿಗೆ ಕೊಡುವರೇ? ಕೈಪಿಡಿಯಿದ್ದರೆ ಮುಂದೆ ಸ್ವಂತ ತಂತ್ರಾಂಶ ಬರೆಸಿಕೊಳ್ಳಬಹುದು.

2. ಪರವಾನಗಿ ಶುಲ್ಕ ಒಂದೇ ಬಾರಿಯೋ, ಪ್ರತಿ ವರ್ಷವೋ? ಗಣಕಯಂತ್ರ ಬದಲಿಸಿದರೆ ಮತ್ತೆ ಹಣ ತೆರಬೇಕೇ?

3. ಯುಎಸ್‌ಬಿ ಅಥವಾ ಈಥರ್‌ನೆಟ್ ಸಂಪರ್ಕವಿದೆಯೇ? ದತ್ತಾಂಶವನ್ನು ಸರಳ ಪಠ್ಯರೂಪದಲ್ಲಿ ಉಳಿಸಬಹುದೇ?

4. ಪರದೆಯಲ್ಲಿ ಕಾಣುವ ತರಂಗಾಂತರ ಅಳೆದದ್ದೋ, ಕೇವಲ ಆದೇಶಿಸಿದ್ದೋ? ಆದೇಶಿಸಿದ್ದಾದರೆ ವೇವ್‌ಮೀಟರ್ ಅಥವಾ ಅಸಿಟಿಲೀನ್ ಅನಿಲಕೋಶದ ನೆರವಿನಿಂದ ಆಗಾಗ ತಾಳೆ ನೋಡಬೇಕು. ಇಲ್ಲವಾದರೆ ಇಲ್ಲಿ ತೇರ್ಗಡೆಯಾದ ಮಾಲು ಗ್ರಾಹಕರ ಪರೀಕ್ಷೆಯಲ್ಲಿ ತಿರಸ್ಕೃತವಾಗಬಹುದು.

5. ತಂತ್ರಾಂಶ ಸ್ಥಗಿತಗೊಂಡರೂ ಬೆಳಕನ್ನು ಕಡಿತಗೊಳಿಸುವ ಪ್ರತ್ಯೇಕ ಸುರಕ್ಷತಾ ವ್ಯವಸ್ಥೆ ಇದೆಯೇ? 1550 ನ್ಯಾನೊಮೀಟರ್‌ನ ಕಿರಣ ಕಣ್ಣಿಗೆ ಕಾಣದು. ಆದುದರಿಂದ ಕಾರ್ಮಿಕರ ರಕ್ಷಣೆಯನ್ನು ತಂತ್ರಾಂಶವೊಂದಕ್ಕೇ ಬಿಡಲಾಗದು.

ಈ ಪ್ರಶ್ನೆಗಳಿಗೆ ಉತ್ತರಗಳನ್ನು ಖರೀದಿ ಆದೇಶದಲ್ಲೇ ಲಿಖಿತವಾಗಿ ದಾಖಲಿಸಿಕೊಳ್ಳುವುದು ಸೂಕ್ತ. ಹಣ ಪಾವತಿಸುವ ಮುನ್ನ ಗ್ರಾಹಕರು ಮಾತಿಗೆ ಕಿವಿಗೊಡುವ ಮಾರಾಟಗಾರರು, ಪಾವತಿಯಾದ ಬಳಿಕವೂ ಅಷ್ಟೇ ಆಸಕ್ತಿ ತೋರುವರೆಂಬ ಭರವಸೆ ಇಲ್ಲ.