ಕಟ್ಟುವ ಮೊದಲೇ ಆಡಿ ನೋಡಿ

2005ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ನಾಲ್ವರು ಸ್ನಾತಕೋತ್ತರ ವಿದ್ಯಾರ್ಥಿಗಳು ತಮಗೆ ತಾವೇ ಒಂದು ಕಟ್ಟಳೆ ಹಾಕಿಕೊಂಡರು. ಒಂದೊಂದು ವಿಡಿಯೋ ಗೇಮನ್ನೂ ಒಬ್ಬರೇ ಕೂತು ಏಳು ದಿನದೊಳಗೆ ಮುಗಿಸಬೇಕು. ಒಂದೇ ಸೆಮಿಸ್ಟರ್‌ನಲ್ಲಿ 50ಕ್ಕೂ ಹೆಚ್ಚು ಆಟಗಳು ಹುಟ್ಟಿದವು. ಅವುಗಳಲ್ಲೊಂದು, ಅಂಟು ಉಂಡೆಗಳನ್ನು ಜೋಡಿಸುತ್ತ ಬೀಳದಂತೆ ಗೋಪುರ ಕಟ್ಟುವ ‘ಟವರ್ ಆಫ್ ಗೂ’. ಅದೇ ಬೆಳೆದು 2008ರಲ್ಲಿ ‘ವರ್ಲ್ಡ್ ಆಫ್ ಗೂ’ ಎಂಬ ಹೆಸರಾಂತ ಆಟವಾಯಿತು.

ಇಂಥ ಕಚ್ಚಾ ಮಾದರಿಗೆ ಗೇಮ್ ಕಸುಬಿನವರು ಪ್ರೊಟೊಟೈಪ್ ಎನ್ನುತ್ತಾರೆ. ಅದಕ್ಕೆ ಚಿತ್ರ, ಸಂಗೀತ, ಕಥೆ ಯಾವುದೂ ಬೇಡ. ಬೂದು ಬಣ್ಣದ ಡಬ್ಬಿಗಳು ಸಾಕು. ಮತ್ತೊಮ್ಮೆ ಆಡೋಣ ಅನಿಸುತ್ತದೆಯೇ ಎಂಬುದು ಗೊತ್ತಾದರಾಯಿತು. ನಿಂಟೆಂಡೊ ಕೂಡ 2017ರ ‘ಬ್ರೆತ್ ಆಫ್ ದಿ ವೈಲ್ಡ್’ನ ವಿಶಾಲ ಲೋಕದ ನಿಯಮಗಳನ್ನು ಮೊದಲು ಪರೀಕ್ಷಿಸಿದ್ದು ಅದೇ ಸರಣಿಯ 1986ರ ಹಳೆಯ ‘ಜೆಲ್ಡಾ’ ಆಟದಂತೆ ಕಾಣುವ ಚಪ್ಪಟೆ ಮಾದರಿಯೊಂದರಲ್ಲಿ.

ಈ ಕೆಲಸವನ್ನು ಎಐ ಈಗ ಅರ್ಧ ದಿನಕ್ಕೆ ಇಳಿಸಬಲ್ಲದು. ‘ಗೋಡೆ, ಸೂರುಗಳ ಮೇಲೆ ಹರಿದಾಡುವ ಹಲ್ಲಿ, ಬೆಳಕು ತಾಗಿದರೆ ಬೀಳಬೇಕು’ ಎಂದು ಕನ್ನಡದಲ್ಲೇ ಹೇಳಿದರೂ ಬ್ರೌಸರ್‌ನಲ್ಲಿ ಓಡುವ ಪ್ರೋಗ್ರಾಂ ಬರೆದುಕೊಡುತ್ತದೆ. ಜಿಗಿತ, ಡಿಕ್ಕಿ, ಗುರುತ್ವಗಳ ಕೋಡ್ ಎಷ್ಟೋ ಆಟಗಳಲ್ಲಿ ಮರುಕಳಿಸಿರುವುದರಿಂದ ಆ ಭಾಗ ಅದಕ್ಕೆ ಸಲೀಸು. ತೊಡಕಿರುವುದು ಹೊಸ ನಿಯಮದಲ್ಲಿ. ಹಲ್ಲಿ ಸೂರಿಗೆ ತಲೆಕೆಳಗಾಗಿ ಅಂಟಿಕೊಂಡಿದೆ. ಆಡುವವರು ಎಡಬಾಣ ಒತ್ತಿದರು. ಅದು ಹೋಗಬೇಕಾದದ್ದು ಪರದೆಯ ಎಡಕ್ಕೋ, ಹಲ್ಲಿಯ ಎಡಕ್ಕೋ? ನೀವು ಹೇಳಿರಲಿಲ್ಲ. ಯಂತ್ರ ನಿಮ್ಮನ್ನು ಕೇಳದೆಯೇ ಒಂದನ್ನು ಆರಿಸಿಬಿಟ್ಟಿರುತ್ತದೆ. ಕೈಯಾರೆ ಕೋಡ್ ಬರೆಯುವವರು ಆ ಸಾಲಿಗೆ ಬಂದಾಗ ನಿಂತು ಯೋಚಿಸಲೇಬೇಕಿತ್ತು. ಆಟದ ಸ್ವಾರಸ್ಯ ಎಷ್ಟೋ ಸಲ ಹೊಳೆಯುವುದೇ ಅಲ್ಲಿ. ಹಾಗಾಗಿ ಕೋಡ್ ಕೇಳುವ ಮೊದಲು ‘ನಾನು ಹೇಳದೆ ಬಿಟ್ಟದ್ದೇನು?’ ಎಂದು ಎಐಯನ್ನೇ ಕೇಳುವುದು ಲೇಸು.

ಇನ್ನೊಂದು ಬಗೆಯ ಎಐ ಕೋಡನ್ನೇ ಬರೆಯುವುದಿಲ್ಲ. 2024ರಲ್ಲಿ ಗೂಗಲ್ ಸಂಶೋಧಕರ ‘ಗೇಮ್‌ಎನ್‌ಜೆನ್’, ಹಿಂದಿನ ಚಿತ್ರಗಳನ್ನೂ ಒತ್ತಿದ ಗುಂಡಿಯನ್ನೂ ನೋಡಿ ಮುಂದಿನ ಚಿತ್ರವನ್ನು ಊಹಿಸುತ್ತಲೇ ‘ಡೂಮ್’ ಆಟವನ್ನು ಸೆಕೆಂಡಿಗೆ 20 ಚಿತ್ರಗಳ ವೇಗದಲ್ಲಿ ಆಡಿಸಿತು. 2025ರ ‘ಜೀನಿ 3’ ಬರಿಯ ವಿವರಣೆಯಿಂದ ಓಡಾಡಬಹುದಾದ ಲೋಕವನ್ನೇ ತೋರಿಸುತ್ತದೆ. ಆ ಲೋಕ ನೆಟ್ಟಗೆ ಉಳಿಯುವುದು ಕೆಲವೇ ನಿಮಿಷ. ಬೆರಗೇನೋ ಹೌದು. ಆದರೆ ಜಿಗಿತ ತುಸು ಭಾರ ಅನಿಸಿದರೆ ಬದಲಿಸಲು ಅಲ್ಲಿ ಗುರುತ್ವದ ಅಂಕಿಯೇ ಇಲ್ಲ. ಪ್ರೊಟೊಟೈಪಿಗೆ ಸದ್ಯ ಕೋಡ್ ಬರೆಯುವ ಎಐ ಸಾಕು ಎಂಬುದು ನನ್ನ ಎಣಿಕೆ.

ಎಐ ಬಿಡಿಸಿಕೊಡುವ ಚಿತ್ರಗಳ ವಿಷಯದಲ್ಲಂತೂ ಎಚ್ಚರ ಬೇಕು. ಫ್ರಾನ್ಸಿನ ‘ಕ್ಲೇರ್ ಒಬ್‌ಸ್ಕ್ಯೂರ್: ಎಕ್ಸ್‌ಪೆಡಿಷನ್ 33’ ಆಟದಲ್ಲಿ ತಾತ್ಕಾಲಿಕವಾಗಿ ಇಟ್ಟಿದ್ದ ಎಐ ಚಿತ್ರಗಳು ಬಿಡುಗಡೆಯಾದ ಪ್ರತಿಯಲ್ಲೂ ಉಳಿದಿದ್ದವು. ಆಮೇಲೆ ತೆಗೆದರೂ, ‘ಇಂಡಿ ಗೇಮ್ ಅವಾರ್ಡ್ಸ್’ 2025ರ ಡಿಸೆಂಬರ್‌ನಲ್ಲಿ ಆ ಆಟಕ್ಕೆ ಕೊಟ್ಟ ಪ್ರಶಸ್ತಿಗಳನ್ನು ಹಿಂಪಡೆಯಿತು. ಥಳುಕಿನ ಚಿತ್ರವಿದ್ದರೆ ನೀರಸ ಆಟವೂ ಚೆನ್ನಾಗಿದೆ ಅನಿಸಿಬಿಡುವ ಅಪಾಯ ಬೇರೆ. ಡಬ್ಬಿಗಳು ಬೂದಾಗಿಯೇ ಇರಲಿ. ಮಾದರಿ ಸಿದ್ಧವಾದ ದಿನವೇ ಮನೆಯಲ್ಲೋ ಪಕ್ಕದಲ್ಲೋ ಇರುವವರ ಕೈಗೆ ಕೊಡಿ, ಏನನ್ನೂ ವಿವರಿಸದೆ ಸುಮ್ಮನೆ ನೋಡಿ. ಕೇಳದೆಯೇ ಎರಡನೇ ಸಲ ಆಡಿದರೆ ಮುಂದುವರಿಸಿ.