ಕೋಲಾರದ ಚಿನ್ನ, ಕಾರ್ಮಿಕರ ಬೆರಳು

2018 ಮತ್ತು 2022ರಲ್ಲಿ ‘ಕೆಜಿಎಫ್’ ಹೆಸರಿನ ಎರಡು ಕನ್ನಡ ಚಲನಚಿತ್ರಗಳು ತೆರೆಕಂಡ ಮೇಲೆ ಮುಂಬಯಿಯಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೂ ಕೋಲಾರದ ಹೆಸರು ಪರಿಚಿತವಾಯಿತು. ದಹಿಸರಿನ ನಮ್ಮ ನೆರೆಹೊರೆಯ ಮರಾಠಿ, ಗುಜರಾತಿ ಗೆಳೆಯರು ಕೂಡ ‘ನಿಮ್ಮೂರಿನ ಚಿನ್ನದ ಗಣಿ ನಿಜಕ್ಕೂ ಹಾಗೆಯೇ ಇತ್ತೇ?’ ಎಂದು ಕುತೂಹಲದಿಂದ ಕೇಳತೊಡಗಿದರು. ಚಿತ್ರದ ಕಥೆ ಕಲ್ಪಿತ. ನಿಜವಾದ ಗಣಿಯ ಚರಿತ್ರೆಯಲ್ಲಿ ಏಕಾಂಗಿಯಾಗಿ ಸಾಮ್ರಾಜ್ಯವನ್ನು ಉರುಳಿಸುವ ವೀರನಿಲ್ಲ. ಅಲ್ಲಿರುವುದು ಹೊಟ್ಟೆಪಾಡಿಗಾಗಿ ಬಂದ ಸಾವಿರಾರು ವಲಸಿಗರು ಮತ್ತು ಅವರು ಒಮ್ಮೆ ಒಂದಾಗಿ ‘ಇಲ್ಲ’ ಎಂದ ಸಂದರ್ಭ. ಆ ‘ಇಲ್ಲ’ ಕೂಲಿಯ ಕಾರಣಕ್ಕಾಗಿ ಮಾತ್ರ ಹುಟ್ಟಿದ್ದಲ್ಲ ಎಂಬುದೇ ನಮ್ಮನ್ನು ಈ ಲೇಖನಕ್ಕೆ ಪ್ರೇರೇಪಿಸಿದ ಸಂಗತಿ.

ಚಿನ್ನವು ಜನರನ್ನು ದೂರದೂರಕ್ಕೆ ಸೆಳೆದುಕೊಂಡುದಕ್ಕೆ ಹತ್ತೊಂಬತ್ತನೆಯ ಶತಮಾನದಲ್ಲಿ ನಿದರ್ಶನಗಳು ಹೇರಳ. 1848ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ, 1851ರಲ್ಲಿ ಆಸ್ಟ್ರೇಲಿಯಾದಲ್ಲಿ, 1886ರಲ್ಲಿ ದಕ್ಷಿಣ ಆಫ್ರಿಕದ ವಿಟ್‌ವಾಟರ್ಸ್‌ರ‍್ಯಾಂಡಿನಲ್ಲಿ ಚಿನ್ನ ಸಿಕ್ಕಿತೆಂಬ ಸುದ್ದಿಯೇ ಹಡಗುಗಳನ್ನು ತುಂಬಿಸಿತು. ಕೋಲಾರದ ಕಥೆ ಇವುಗಳಿಗಿಂತ ಭಿನ್ನ. ಕ್ಯಾಲಿಫೋರ್ನಿಯಾದಲ್ಲಿ ಬಡವನೊಬ್ಬ ತಟ್ಟೆ ಹಿಡಿದು ಹೊಳೆಯ ಮರಳನ್ನು ಜಾಲಿಸಿ ತನ್ನ ಭಾಗ್ಯವನ್ನು ಪರೀಕ್ಷಿಸಬಹುದಾಗಿತ್ತು. ಕೋಲಾರದಲ್ಲಿ ಚಿನ್ನವಿದ್ದುದು ಪಾತಾಳದ ಕಲ್ಲಿನೊಳಗೆ. ಅದನ್ನು ಹೊರತೆಗೆಯಲು ಬಂಡವಾಳ ಬೇಕು, ಯಂತ್ರ ಬೇಕು, ಲಂಡನ್ನಿನ ಪಾಲುದಾರರು ಬೇಕು. ಹೀಗಾಗಿ ಇಲ್ಲಿ ಚಿನ್ನದ ಕನಸು ಕಂಡವರು ಒಬ್ಬರು, ಅದಕ್ಕಾಗಿ ನೆಲದೊಳಗೆ ಇಳಿದವರು ಇನ್ನೊಬ್ಬರು.

ಟಿಪ್ಪು ಸುಲ್ತಾನನ ಪತನಾನಂತರ ಮೈಸೂರಿನ ಪೂರ್ವದ ಗಡಿಯನ್ನು ಅಳೆಯಲು ಬಂದ ಲೆಫ್ಟಿನೆಂಟ್ ಜಾನ್ ವಾರನ್ ಎಂಬ ಅಧಿಕಾರಿಯು 1802ರಲ್ಲಿ ಮಾರಿಕುಪ್ಪಂ, ಊರಿಗಾಂ ಪರಿಸರದ ಹಳ್ಳಿಗರು ಮಣ್ಣನ್ನು ತೊಳೆದು ಚಿನ್ನದ ಕಣಗಳನ್ನು ತೆಗೆಯುವುದನ್ನು ಕಂಡು ವರದಿ ಮಾಡಿದ. ಅಂದರೆ ಆಂಗ್ಲರು ‘ಕಂಡುಹಿಡಿಯುವ’ ಮೊದಲೇ ಸ್ಥಳೀಯರು, ಅದರಲ್ಲೂ ಅಸ್ಪೃಶ್ಯರೆನಿಸಿಕೊಂಡಿದ್ದ ಜನ, ಕೈಯಿಂದ ಗುಂಡಿ ತೋಡಿ ಚಿನ್ನವನ್ನು ಅರಸುತ್ತಿದ್ದರು. ಬಳಿಕ ಏಳು ದಶಕಗಳ ಕಾಲ ಆ ವರದಿ ಹೆಚ್ಚೇನೂ ಫಲ ಕೊಡಲಿಲ್ಲ. ನ್ಯೂಜಿಲೆಂಡಿನ ಯುದ್ಧದಲ್ಲಿ ಸೇವೆ ಸಲ್ಲಿಸಿ ಬೆಂಗಳೂರಿಗೆ ಬಂದು ನೆಲೆಸಿದ್ದ ಮೈಕೆಲ್ ಲ್ಯಾವೆಲ್ ಎಂಬ ಐರಿಷ್ ನಿವೃತ್ತ ಸೈನಿಕನು ಅದನ್ನು ಓದಿ, ಎತ್ತಿನ ಗಾಡಿಯಲ್ಲಿ ಕೋಲಾರದತ್ತ ಹೊರಟ. 1873ರಲ್ಲಿ ಮೈಸೂರು ಸರಕಾರಕ್ಕೆ ಅರ್ಜಿ ಸಲ್ಲಿಸಿ, 1875ರಲ್ಲಿ ಇಪ್ಪತ್ತು ವರ್ಷಗಳ ಪರವಾನಗಿಯನ್ನು ಪಡೆದ. ಬೆಂಗಳೂರಿನ ಲ್ಯಾವೆಲ್ ರಸ್ತೆಯಲ್ಲಿ ಅಡ್ಡಾಡಿದ ನಮ್ಮ ಓದುಗರಲ್ಲಿ ಆ ಹೆಸರಿನ ಹಿಂದಿನ ಗಾಡಿಯಾತ್ರೆಯನ್ನು ನೆನೆದವರು ವಿರಳ. ಹಣವಿಲ್ಲದ ಲ್ಯಾವೆಲ್ ತನ್ನ ಹಕ್ಕನ್ನು ಕೆಲವು ಸೇನಾಧಿಕಾರಿಗಳ ಕೂಟಕ್ಕೆ ಮಾರಿದ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ರಂಗಕ್ಕಿಳಿಯಿತು.

ಅದೇ ಸಮಯದಲ್ಲಿ ವಯನಾಡು ಮತ್ತು ನೀಲಗಿರಿಯ ಸರಹದ್ದಿನಲ್ಲಿಯೂ ಚಿನ್ನದ ಹುಚ್ಚು ನೆತ್ತಿಗೇರಿತ್ತು. ಲಂಡನ್ನಿನಲ್ಲಿ ಹತ್ತಾರು ಕಂಪೆನಿಗಳು ಹುಟ್ಟಿ ಜನರಿಂದ ಲಕ್ಷಾಂತರ ಪೌಂಡುಗಳನ್ನು ಸಂಗ್ರಹಿಸಿದವು. ಕೆಲವೇ ವರ್ಷಗಳಲ್ಲಿ ಎಲ್ಲವೂ ನೀರ ಮೇಲಣ ಗುಳ್ಳೆಯಂತೆ ಒಡೆದವು. (ಬ್ಯಾಂಕಿನಲ್ಲಿ ಮೂರು ದಶಕ ದುಡಿದ ನಮಗೆ ಇಂಥ ಗುಳ್ಳೆಗಳ ಪರಿಚಯ ಚೆನ್ನಾಗಿಯೇ ಇದೆ. ವಸ್ತು ಬದಲಾಗುತ್ತದೆ, ಆಸೆಯ ರೀತಿ ಬದಲಾಗುವುದಿಲ್ಲ.) ಕೋಲಾರದ ಮೈಸೂರು ಗಣಿ ಕಂಪೆನಿಯೂ ಮುಳುಗುವ ಹಂತಕ್ಕೆ ಬಂದಿತ್ತು. ಉಳಿದಿದ್ದ ಅಲ್ಪ ಹಣದಲ್ಲಿ ಇನ್ನಷ್ಟು ಆಳಕ್ಕೆ ತೋಡಿದಾಗ 1880ರ ದಶಕದ ಮಧ್ಯದಲ್ಲಿ ಚಾಂಪಿಯನ್ ಎಂಬ ಹೆಸರಾಂತ ಅದಿರಿನ ಪಟ್ಟಿ ದೊರೆಯಿತು. ಅಲ್ಲಿಂದ ಮುಂದೆ ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಗಣಿಗಳು ಒಂದರ ಪಕ್ಕ ಒಂದು ಎದ್ದವು.

ಜನ ಬಂದದ್ದು ಎಲ್ಲಿಂದ? 1876-78ರ ಭೀಕರ ಕ್ಷಾಮದಲ್ಲಿ ಮೈಸೂರು ಸಂಸ್ಥಾನವು ತನ್ನ ಜನಸಂಖ್ಯೆಯ ಸುಮಾರು ಐದನೆಯ ಒಂದು ಭಾಗವನ್ನು ಕಳೆದುಕೊಂಡಿತ್ತು. ನೆರೆಯ ಮದರಾಸು ಪ್ರಾಂತದ ಉತ್ತರ ಆರ್ಕಾಟು, ಸೇಲಂ ಮೊದಲಾದ ಜಿಲ್ಲೆಗಳೂ ಅಷ್ಟೇ ಬಳಲಿದ್ದವು. ಅಲ್ಲಿನ ಭೂಹೀನ ತಮಿಳು ಆದಿದ್ರಾವಿಡರು, ಇತ್ತ ತೆಲುಗು ಸೀಮೆಯ ಬಡ ಕುಟುಂಬಗಳು ಗುತ್ತಿಗೆದಾರರ ಹಿಂದೆ ಗಣಿಯತ್ತ ನಡೆದು ಬಂದವು. ಇಂಗ್ಲೆಂಡಿನ ಕಾರ್ನ್‌ವಾಲಿನಲ್ಲಿ ತವರದ ಗಣಿಗಳು ಸೊರಗುತ್ತಿದ್ದುದರಿಂದ ಅಲ್ಲಿನ ಅನುಭವಿ ಗಣಿಗಾರರೂ ಬಂದರು. ಇಟಲಿಯವರು ಬಂದರು, ಪಹರೆಗೆ ಪಂಜಾಬಿನವರು ಬಂದರು. ಇಪ್ಪತ್ತನೆಯ ಶತಮಾನದ ಆರಂಭದ ಹೊತ್ತಿಗೆ ಗಣಿಗಳಲ್ಲಿ ದುಡಿಯುವವರ ಸಂಖ್ಯೆ 30,000ದ ಆಸುಪಾಸಿನಲ್ಲಿತ್ತು. ರಾಗಿಯ ಹೊಲವುಳ್ಳ ಕೋಲಾರದ ಕನ್ನಡ ರೈತ ಗಣಿಗೆ ಇಳಿದದ್ದು ಕಡಿಮೆ. ಊರಲ್ಲಿ ಕಳೆದುಕೊಳ್ಳಲು ಏನೂ ಇಲ್ಲದವನು ಮಾತ್ರ ಅಷ್ಟು ಆಳಕ್ಕೆ ಇಳಿಯಬಲ್ಲ ಎಂದು ನಮಗನಿಸುತ್ತದೆ. ಹಳ್ಳಿಯಲ್ಲಿ ಧಣಿಯ ಮುಂದೆ ಬಾಗಿ ನಿಲ್ಲಬೇಕಾಗಿದ್ದವನಿಗೆ ಇಲ್ಲಿ ಕನಿಷ್ಠ ನಗದು ಕೂಲಿಯಿತ್ತು. ಅಯೋತಿ ದಾಸ್ ಪಂಡಿತರ ಬೌದ್ಧ ಸಂಘದ ಶಾಖೆಗಳು ಗಣಿಪ್ರದೇಶದಲ್ಲಿ ಬೇರೂರಿದವು. ದಲಿತ ಜಾಗೃತಿಯ ಆರಂಭದ ನೆಲೆಗಳಲ್ಲಿ ಕೆಜಿಎಫ್ ಕೂಡ ಒಂದೆಂಬುದು ಗಮನಾರ್ಹ.

ಆದರೆ ಗಣಿಯ ಊರು ಎರಡು ಊರಾಗಿತ್ತು. ಒಂದೆಡೆ ಕ್ಲಬ್ಬು, ಬಂಗಲೆ, ಗಾಲ್ಫ್ ಮೈದಾನಗಳ ‘ಪುಟ್ಟ ಇಂಗ್ಲೆಂಡ್’. ಇನ್ನೊಂದೆಡೆ ಬಿದಿರಿನ ತಟ್ಟಿಯ ಗುಡಿಸಲುಗಳ ಸಾಲುಸಾಲು ಲೈನುಗಳು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರ ತಂತಿಯೆಳೆದು ಗಣಿಗಳಿಗೆ ವಿದ್ಯುತ್ತು ತರಲಾಯಿತು. ಬೆಂಗಳೂರಿನ ಬೀದಿದೀಪಗಳು ಬೆಳಗಿದ್ದು ಮೂರು ವರ್ಷಗಳ ಅನಂತರ, 1905ರಲ್ಲಿ. ದಿವಾನ್ ಶೇಷಾದ್ರಿ ಅಯ್ಯರರ ಕಾಲದ ಈ ಸಾಧನೆಯನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ, ಹೇಳಿಕೊಳ್ಳಬೇಕಾದ್ದೇ. ಆದರೂ ಆ ವಿದ್ಯುತ್ತು ಮೊದಲು ಹೋದದ್ದು ಮನೆಗಳಿಗಲ್ಲ, ಯಂತ್ರಗಳಿಗೆ. ಗಣಿ ಆಳವಾದಂತೆ ಕಲ್ಲು ಬಿಸಿಯಾಯಿತು. ಚಾಂಪಿಯನ್ ರೀಫ್ ಕಾಲಾಂತರದಲ್ಲಿ ಮೂರು ಕಿಲೋಮೀಟರಿಗೂ ಮಿಕ್ಕ ಆಳಕ್ಕೆ ಇಳಿಯಿತು. ಒತ್ತಡದಿಂದ ಬಂಡೆ ಹಠಾತ್ತನೆ ಸಿಡಿಯುವುದನ್ನು ಅಲ್ಲಿನ ಜನ ‘ಏರ್‌ಬ್ಲಾಸ್ಟ್’ ಎನ್ನುತ್ತಿದ್ದರು. ಅದರಿಂದ ಪಾರಾದವನ ಶ್ವಾಸಕೋಶವನ್ನು ಕಲ್ಲಿನ ಧೂಳು ತಿನ್ನುತ್ತಿತ್ತು. ತೆಗೆದ ಚಿನ್ನ ಗಟ್ಟಿಗಳಾಗಿ ರೈಲು ಹತ್ತಿ ನಮ್ಮ ಮುಂಬಯಿ ಬಂದರಿನ ಮೂಲಕ ಲಂಡನ್ನಿಗೆ ಸಾಗುತ್ತಿತ್ತು. ಮೈಸೂರು ಸರಕಾರಕ್ಕೆ ಸಲ್ಲುತ್ತಿದ್ದುದು ಮುಖ್ಯವಾಗಿ ಉತ್ಪನ್ನದ ಮೇಲಿನ ಶೇ. 5ರ ರಾಜಧನ.

ಇಷ್ಟೆಲ್ಲ ಚಿನ್ನದ ನಡುವೆ ಕಂಪೆನಿಗಳನ್ನು ಸದಾ ಕಾಡಿದ ಚಿಂತೆ ಕಳವು. ಕಾರ್ಮಿಕ ಪಾಳಿ ಮುಗಿಸಿ ಮೇಲೆ ಬಂದಾಗ ಮೈತಪಾಸಣೆ. ಅದಿರಿನ ಚೂರು ಬಳಿಯಿದ್ದರೂ ಅಪರಾಧವೆನ್ನುವಂಥ ವಿಶೇಷ ಕಾನೂನುಗಳಿದ್ದವು. ಕಳವು ನಡೆಯುತ್ತಿರಲಿಲ್ಲವೆಂದು ನಾವು ವಾದಿಸುವುದಿಲ್ಲ, ನಡೆಯುತ್ತಿತ್ತು. ಆದರೆ ಕೆಲವರ ತಪ್ಪಿಗೆ ಎಲ್ಲರನ್ನೂ ಶಂಕಿತರೆಂದು ಕಾಣುವ ಪದ್ಧತಿ 1930ರಲ್ಲಿ ಮಿತಿಮೀರಿತು. ಪ್ರತಿಯೊಬ್ಬ ಕಾರ್ಮಿಕನ ಬೆರಳಚ್ಚನ್ನು ತೆಗೆದು ದಾಖಲೆ ಇಡುವ ಯೋಜನೆಯನ್ನು ಆಡಳಿತ ತಂದಿತು. ಒಮ್ಮೆ ಕೆಲಸದಿಂದ ತೆಗೆದವನು ಬೇರೆ ಹೆಸರಿನಲ್ಲಿ ಮರಳಿ ಬಾರದಂತೆ ತಡೆಯಲು ಇದಕ್ಕಿಂತ ಸುಲಭೋಪಾಯವಿಲ್ಲ ಎಂಬುದು ಅದರ ತರ್ಕ.

ಬೆರಳಚ್ಚಿನ ವಿಷಯದಲ್ಲಿ ನಾವು ಬ್ಯಾಂಕಿನವರು ಎರಡು ಮಾತು ಹೇಳಲೇಬೇಕು. ಓದುಬರಹ ಬಾರದ ಗ್ರಾಹಕರಿಗೆ ಹೆಬ್ಬೆಟ್ಟೇ ಸಹಿ. ಸ್ಟಾಂಪ್ ಪ್ಯಾಡಿನ ಮೇಲೆ ಅವರ ಬೆರಳನ್ನು ಒತ್ತಿಸಿ, ಸಾಕ್ಷಿಗಳ ರುಜು ಪಡೆದು, ಹಣ ಕೊಟ್ಟು ಕಳುಹಿಸಿದ ದಿನಗಳು ನಮ್ಮ ವೃತ್ತಿಜೀವನದಲ್ಲಿ ಎಷ್ಟೋ. ಅಲ್ಲಿ ಆ ಗುರುತು ಗ್ರಾಹಕನ ಹಕ್ಕನ್ನು ಕಾಯುತ್ತದೆ. ‘ಈ ಹಣ ನನ್ನದು’ ಎಂದು ಸಾರುತ್ತದೆ. ಅದೇ ಬೆರಳನ್ನು ಪೊಲೀಸ್ ಠಾಣೆಯ ರಿಜಿಸ್ಟರಿನಲ್ಲಿ ಒತ್ತಿಸಿದರೆ ಅರ್ಥ ಬೇರೆಯಾಗುತ್ತದೆ. ಬೆರಳಚ್ಚಿನ ಶಾಸ್ತ್ರ ಬೆಳೆದದ್ದೂ ನಮ್ಮ ದೇಶದಲ್ಲೇ. 1858ರಲ್ಲಿ ಬಂಗಾಳದಲ್ಲಿ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿಯು ಒಬ್ಬ ಗುತ್ತಿಗೆದಾರನ ಅಂಗೈ ಗುರುತನ್ನು ಕರಾರುಪತ್ರದ ಮೇಲೆ ಒತ್ತಿಸಿದ. 1897ರಲ್ಲಿ ಎಡ್ವರ್ಡ್ ಹೆನ್ರಿಯ ಯತ್ನದಿಂದ ಕಲ್ಕತ್ತೆಯಲ್ಲಿ ಅಪರಾಧಿಗಳ ಬೆರಳಚ್ಚು ಕಚೇರಿ ತೆರೆಯಿತು. 1900ರಲ್ಲಿ ಅದೇ ಹೆನ್ರಿಯನ್ನು ಪೊಲೀಸ್ ವ್ಯವಸ್ಥೆ ಕಟ್ಟಲೆಂದು ಕಳುಹಿಸಿದ್ದು ಎಲ್ಲಿಗೆ ಗೊತ್ತೇ? ಚಿನ್ನದ ನಗರವಾದ ಜೋಹಾನ್ಸ್‌ಬರ್ಗಿಗೆ!

ಜೋಹಾನ್ಸ್‌ಬರ್ಗಿನಲ್ಲಿ ಮುಂದೆ ನಡೆದುದು ನಮಗೆಲ್ಲ ಪರಿಚಿತ ಇತಿಹಾಸ. ಟ್ರಾನ್ಸ್‌ವಾಲಿನ ಭಾರತೀಯರು ಬೆರಳಚ್ಚು ಕೊಟ್ಟು ನೋಂದಾಯಿಸಿಕೊಳ್ಳಬೇಕೆಂಬ ಕಾಯಿದೆಯ ವಿರುದ್ಧ 1906ರ ಸೆಪ್ಟೆಂಬರ್ 11ರಂದು ಅಲ್ಲಿನ ಎಂಪೈರ್ ನಾಟಕಶಾಲೆಯಲ್ಲಿ ಸಭೆ ಸೇರಿತು. ಗಾಂಧೀಜಿಯವರ ಸತ್ಯಾಗ್ರಹ ಹುಟ್ಟಿದ್ದೇ ಅಲ್ಲಿ. 1908ರ ಆರಂಭದಲ್ಲಿ ರಾಜಿಯಾದಾಗ ಗಾಂಧೀಜಿಯವರು ಸ್ವಇಚ್ಛೆಯಿಂದ ಬೆರಳಚ್ಚು ಕೊಡಲು ಹೊರಟರು. ಇದನ್ನು ಮೋಸವೆಂದು ಬಗೆದ ಪಠಾಣನೊಬ್ಬ ಅವರನ್ನು ದಾರಿಯಲ್ಲೇ ಹೊಡೆದು ಕೆಡವಿದ. ಬಲವಂತಕ್ಕೆ ಕೊಡಲಾಗದ್ದನ್ನು ಸ್ವಇಚ್ಛೆಯಿಂದ ಕೊಡಬಹುದೆಂಬ ಗಾಂಧೀಜಿಯವರ ಸೂಕ್ಷ್ಮ ಆ ಪಠಾಣನಿಗೆ ತಿಳಿಯಲಿಲ್ಲ. ಆದರೆ ಸರಕಾರ ಮಾತು ತಪ್ಪಿತೆಂದು ಅದೇ ವರ್ಷದ ಆಗಸ್ಟ್ 16ರಂದು ಗಾಂಧೀಜಿಯವರ ನೇತೃತ್ವದಲ್ಲೇ ಜನರು ನೋಂದಣಿ ಪತ್ರಗಳನ್ನು ಸುಟ್ಟರು.

ಕೋಲಾರದ ಕಾರ್ಮಿಕರಿಗೆ ಅಂಥ ಬ್ಯಾರಿಸ್ಟರ್ ನಾಯಕನಿರಲಿಲ್ಲ. 1930ರಲ್ಲಿ ಮಾನ್ಯತೆ ಪಡೆದ ಕಾರ್ಮಿಕ ಸಂಘವೂ ಇರಲಿಲ್ಲ. ಹಾಗಿದ್ದೂ ಸಾವಿರಾರು ಮಂದಿ ಗಣಿಗೆ ಇಳಿಯಲು ನಿರಾಕರಿಸಿದರು. ಮುಷ್ಕರ ಸುಮಾರು ಮೂರು ವಾರ ನಡೆಯಿತು. ಕೂಲಿ, ಬೋನಸ್ಸುಗಳ ಅಸಮಾಧಾನ ಒಳಗೊಳಗೇ ಇದ್ದದ್ದು ಸತ್ಯ. ಆದರೆ ಕಿಡಿ ಹೊತ್ತಿಸಿದ್ದು ‘ನಾವು ಕಳ್ಳರಲ್ಲ’ ಎಂಬ ಭಾವನೆ. ದಂಡಿಯಲ್ಲಿ ಉಪ್ಪಿಗಾಗಿ ನಡೆದ ವರ್ಷವೇ ಇದು ನಡೆಯಿತು. ಉಪ್ಪಿನ ಕಥೆಯನ್ನು ನಮ್ಮ ಪಠ್ಯಪುಸ್ತಕಗಳು ಹೇಳಿದವು, ಇದನ್ನು ಹೇಳಲಿಲ್ಲ. ಕೊನೆಗೆ ಕಂಪೆನಿಗಳು ಬೆರಳಚ್ಚಿನ ಯೋಜನೆಯಿಂದ ಹಿಂದೆ ಸರಿಯಬೇಕಾಯಿತು.

1940ರ ದಶಕದ ಆರಂಭದಲ್ಲಿ ಮೈಸೂರು ಸರಕಾರ ಕಾರ್ಮಿಕ ಸಂಘಗಳಿಗೆ ಕಾನೂನಿನ ಚೌಕಟ್ಟು ಒದಗಿಸಿದ ಮೇಲೆ ಕೆ.ಎಸ್. ವಾಸನ್, ವಿ.ಎಂ. ಗೋವಿಂದನ್ ಮೊದಲಾದ ಕಮ್ಯುನಿಸ್ಟ್ ಮುಖಂಡರು ಗಣಿಯಲ್ಲಿ ಸಂಘಟನೆ ಕಟ್ಟಿದರು. 1946ರಲ್ಲಿ ದೀರ್ಘ ಮುಷ್ಕರ ನಡೆಯಿತು. ಆ ವರ್ಷದ ನವೆಂಬರ್ 4ರಂದು ಪೊಲೀಸರ ಗುಂಡಿಗೆ ಆರು ಮಂದಿ ಕಾರ್ಮಿಕರು ಬಲಿಯಾದರು. ಸ್ವಾತಂತ್ರ್ಯಕ್ಕೆ ಆಗ ಉಳಿದಿದ್ದುದು ಒಂದು ವರ್ಷಕ್ಕೂ ಕಡಿಮೆ.

ಮುಂದಿನ ಘಟ್ಟಗಳನ್ನು ಸಂಕ್ಷಿಪ್ತವಾಗಿ ಹೇಳಬಹುದು. 1956ರಲ್ಲಿ ಗಣಿಗಳು ರಾಜ್ಯ ಸರಕಾರದ ವಶವಾದವು, 1962ರಲ್ಲಿ ಕೇಂದ್ರಕ್ಕೆ ಹೋದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಆಯಿತು. ನಡುವೆ 1965ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ವಿಜ್ಞಾನಿಗಳು ಜಪಾನ್ ಮತ್ತು ಇಂಗ್ಲೆಂಡಿನ ಸಹೋದ್ಯೋಗಿಗಳೊಡನೆ ಅದೇ ಗಣಿಯ ಆಳದಲ್ಲಿ ವಾತಾವರಣದ ನ್ಯೂಟ್ರಿನೋ ಕಣಗಳನ್ನು ಗುರುತಿಸಿದರು. ಮುಂಬಯಿಗೂ ಕೋಲಾರಕ್ಕೂ ಇರುವ ಈ ಸಂಬಂಧ ನಮ್ಮ ಮಕ್ಕಳಿಗೆ ತಿಳಿದಿರಲಿ. ಆದರೆ ಅದಿರು ಬಡವಾಗುತ್ತ ಹೋಯಿತು. ಆರಂಭದಲ್ಲಿ ಒಂದು ಟನ್ ಕಲ್ಲಿಗೆ 40 ಗ್ರಾಮಿಗೂ ಮಿಕ್ಕಿ ದೊರೆಯುತ್ತಿದ್ದ ಚಿನ್ನ ಕೊನೆಗೆ ಮೂರು ನಾಲ್ಕು ಗ್ರಾಮಿಗೆ ಇಳಿಯಿತು. ಒಟ್ಟು ಸುಮಾರು 800 ಟನ್ ಚಿನ್ನ ಕೊಟ್ಟ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಉಳಿದದ್ದು ಊರಿನ ಮಧ್ಯೆ ಬೂದುಬಣ್ಣದ ಸೈನೈಡ್ ದಿಬ್ಬಗಳು. ಗಾಳಿ ಬೀಸಿದಾಗ ಅವುಗಳ ಧೂಳು ಮನೆಗಳ ಒಳಗೆ ಬರುತ್ತದೆ.

ನಮ್ಮ ಗಿರಣಗಾಂವಿನ ಕಥೆಯನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1982ರ ಜನವರಿ 18ರಂದು ಆರಂಭವಾದ ಜವಳಿ ಗಿರಣಿಗಳ ಮುಷ್ಕರದ ಬಳಿಕ ಎಷ್ಟೋ ಕುಟುಂಬಗಳು ಲಾಲ್‌ಬಾಗ್, ಪರೇಲಿನಿಂದ ದೂರದ ಉಪನಗರಗಳಿಗೆ ಸರಿದವು. ಕೆಲವು ವರ್ಷಗಳ ಹಿಂದೆ ಒಬ್ಬ ವೃದ್ಧ ಗಿರಣಿ ಕಾರ್ಮಿಕರು ಪಿಂಚಣಿಗಾಗಿ ಜೀವಂತ ಪ್ರಮಾಣಪತ್ರ ಮಾಡಿಸಲು ನಮ್ಮ ಶಾಖೆಗೆ ಬಂದಿದ್ದರು. ಯಂತ್ರದ ಮೇಲೆ ಬೆರಳಿಟ್ಟರೆ ಗುರುತು ಮೂಡಲೊಲ್ಲದು. ಹತ್ತೂ ಬೆರಳುಗಳನ್ನು ಒಂದೊಂದಾಗಿ ಇಡಿಸಿದೆವು. ‘ನೂಲು ತಿಂದು ಹಾಕಿದೆ ಸಾಹೇಬರೇ’ ಎಂದು ಅವರು ನಕ್ಕರು. ನಾವು ಅವರ ಕಾಗದಪತ್ರಗಳನ್ನು ನೋಡಿ ಹಳೆಯ ನಮೂನೆಯಲ್ಲೇ ಪ್ರಮಾಣಪತ್ರ ಬರೆದುಕೊಟ್ಟೆವು.

ಇಂದು ಕೆಜಿಎಫಿನ ಜನ ನಸುಕಿನಲ್ಲೇ ಎದ್ದು ಮಾರಿಕುಪ್ಪಂನಿಂದ ಹೊರಡುವ ರೈಲು ಹಿಡಿದು, ಬಂಗಾರಪೇಟೆಯ ಮೂಲಕ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ. ರಾತ್ರಿ ಅದೇ ಹಳಿಯಲ್ಲಿ ಮರಳುತ್ತಾರೆ. 1894ರಲ್ಲಿ ಗಣಿಗಾಗಿ ಹಾಕಿದ ಕವಲು ಹಳಿ ಅದು. ದಹಿಸರಿನಿಂದ ಚರ್ಚ್‌ಗೇಟಿಗೆ ಹೋಗುವ ಬೆಳಗಿನ ಲೋಕಲ್ಲಿನಲ್ಲಿ ಬಾಗಿಲಿಗೆ ಒರಗಿ ನಿಂತು ಊಟದ ಡಬ್ಬಿ ಕಾಯುವ ನಮ್ಮವರು ಆ ರೈಲಿನೊಳಗೆ ಹೆಜ್ಜೆಯಿಟ್ಟರೆ ಭಾಷೆಯ ಹೊರತು ಬೇರೇನೂ ಹೊಸದೆನಿಸದು. ಅಲ್ಲಿ ತಮಿಳು, ತೆಲುಗು, ಕನ್ನಡ ಒಂದೇ ಬೆಂಚಿನಲ್ಲಿ ಕುಳಿತಿರುತ್ತವೆ.